ಮಿನರ್ವಾ ಗಣರಾಜ್ಯ, 1972: ಭರತಕ್ಕೆ ಮುಳುಗುವ ನೆಲದ ಮೇಲೊಂದು ದೇಶ

1972ರ ಜನವರಿ 19ರಂದು ದಕ್ಷಿಣ ಪೆಸಿಫಿಕ್‌ನ ನೆರೆಹೊರೆಯ ಸರ್ಕಾರಗಳಿಗೆ ಒಂದು ಪತ್ರ ಹೊರಟಿತು. ಟೋಂಗಾ ದೇಶದ ಮುಖ್ಯ ದ್ವೀಪದಿಂದ ನೈರುತ್ಯಕ್ಕೆ ನಾನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ನಡುಗಡಲಿನಲ್ಲಿ ಜೋಡಿಯಾಗಿ ಬಿದ್ದಿರುವ ಮಿನರ್ವಾ ಹವಳದ ದಿಬ್ಬಗಳ ಮೇಲೆ ‘ಮಿನರ್ವಾ ಗಣರಾಜ್ಯ’ ಎಂಬ ಸ್ವತಂತ್ರ ದೇಶ ಸ್ಥಾಪನೆಯಾಗಿದೆ ಎಂದು ಅದು ತಿಳಿಸುತ್ತಿತ್ತು. ತೆರಿಗೆ ಇಲ್ಲದ, ಸಬ್ಸಿಡಿ ಇಲ್ಲದ, ಸರ್ಕಾರಿ ಕಲ್ಯಾಣ ಯೋಜನೆಗಳಿಲ್ಲದ, ವ್ಯಾಪಾರದಲ್ಲಿ ಆಡಳಿತ ಕೈಹಾಕದ ದೇಶವೆಂಬುದು ಅದರ ಸ್ಥಾಪಕರ ಹೆಮ್ಮೆಯಾಗಿತ್ತು. ಐದು ತಿಂಗಳು ಕಳೆಯುವಷ್ಟರಲ್ಲಿ ಟೋಂಗಾದ ಹಡಗು ಅಲ್ಲಿಗೆ ಬಂದು ತನ್ನ ಧ್ವಜ ಏರಿಸಿತು. ಅಲ್ಲಿಗೆ ಆ ಗಣರಾಜ್ಯದ ಕಥೆ ಬಹುಮಟ್ಟಿಗೆ ಮುಗಿಯಿತು.

ಇಂಥ ಪ್ರಯತ್ನಗಳನ್ನು ಸುದ್ದಿಮನೆಗಳು ಸಾಮಾನ್ಯವಾಗಿ ಹಾಸ್ಯದ ಅಂಕಣಕ್ಕೆ ದೂಡುತ್ತವೆ. ಧ್ವಜ, ನಾಣ್ಯ, ಅಂಚೆಚೀಟಿ ಮಾಡಿಕೊಂಡು ತಮ್ಮ ಹಿತ್ತಲನ್ನೇ ದೇಶವೆಂದು ಸಾರುವ ವಿನೋದಪ್ರಿಯರು ಜಗತ್ತಿನಲ್ಲಿ ಸಾಕಷ್ಟಿದ್ದಾರೆ, ಅವರನ್ನು ಹಾಗೆ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಲಿಬರ್ಟೇರಿಯನ್ ವಿಚಾರವನ್ನು, ಎಂದರೆ ವ್ಯಕ್ತಿಯ ದೇಹ ಮತ್ತು ಆಸ್ತಿಯ ರಕ್ಷಣೆಗಿಂತ ಹೆಚ್ಚಿನ ಯಾವ ಅಧಿಕಾರವೂ ಸರ್ಕಾರಕ್ಕೆ ಸಲ್ಲದೆಂಬ ವಿಚಾರವನ್ನು, ಅಕ್ಷರಶಃ ನೆಲಕ್ಕಿಳಿಸಲು ಹೊರಟ ಮಿನರ್ವಾದಂಥ ಯತ್ನಗಳು ಬೇರೆ ಜಾತಿಯವು. ಅವುಗಳ ಹಿಂದೆ ಹಣವಿತ್ತು, ಬರೆದಿಟ್ಟ ಸಂವಿಧಾನವಿತ್ತು, ಓದಿಕೊಂಡ ಬೆಂಬಲಿಗರಿದ್ದರು. ಮಿನರ್ವಾ ಸೋತದ್ದು ಟೋಂಗಾದ ಬಲದಿಂದ ಎಂಬುದು ರೂಢಿಯ ವಿವರಣೆ. ಅದಕ್ಕಿಂತ ಮೊದಲೇ, ತನ್ನದೇ ತತ್ತ್ವದ ತಕ್ಕಡಿಯಲ್ಲಿ ಅದು ಸೋತಿತ್ತು ಎಂಬುದನ್ನು ಈ ಪ್ರಕರಣದ ವಿವರಗಳಿಂದಲೇ ತೋರಿಸಬಹುದು ಎಂದು ನನಗೆ ಅನಿಸುತ್ತದೆ.

ಜಾಗ

ಮಿನರ್ವಾ ದಿಬ್ಬಗಳು ಎರಡು. ಟೋಂಗಾದವರು ಉತ್ತರದ್ದನ್ನು ತೆಲೆಕಿ ತೊಕೆಲಾವ್ ಎಂದೂ ದಕ್ಷಿಣದ್ದನ್ನು ತೆಲೆಕಿ ಟೋಂಗಾ ಎಂದೂ ಕರೆಯುತ್ತಾರೆ. ಉತ್ತರದ್ದು ಹೆಚ್ಚುಕಡಿಮೆ ಉಂಗುರದ ಆಕಾರದಲ್ಲಿದ್ದು, ಒಂದು ಕಡೆ ಒಳಹೋಗಲು ದಾರಿಯಿದೆ. ಒಳಗಿನ ನೀರು ಶಾಂತವಾಗಿರುವುದರಿಂದ ನ್ಯೂಜಿಲೆಂಡ್ ಮತ್ತು ಟೋಂಗಾಗಳ ನಡುವೆ ಓಡಾಡುವ ಹಾಯಿದೋಣಿಗಳು ಇಂದಿಗೂ ಅಲ್ಲಿ ಲಂಗರು ಹಾಕಿ ಬಿರುಗಾಳಿ ಹೋಗಲೆಂದು ಕಾಯುತ್ತವೆ. ಇಳಿತದ ಹೊತ್ತಿಗೆ ಹವಳದ ಬೆನ್ನು ನೀರಿನಿಂದ ಮೇಲೇಳುತ್ತದೆ, ಭರತ ಬಂದಾಗ ಮತ್ತೆ ಮುಳುಗುತ್ತದೆ. ಕುಡಿಯುವ ನೀರಿಲ್ಲ, ಮರವಿಲ್ಲ, ಮಣ್ಣಿಲ್ಲ. ಪಾಶ್ಚಾತ್ಯ ನಕಾಶೆಗಳಲ್ಲಿರುವ ಹೆಸರು ಬಂದದ್ದು 1829ರಲ್ಲಿ ದಕ್ಷಿಣದ ದಿಬ್ಬಕ್ಕೆ ಬಡಿದು ಒಡೆದ ‘ಮಿನರ್ವಾ’ ಎಂಬ ತಿಮಿಂಗಿಲ ಬೇಟೆಯ ಹಡಗಿನಿಂದ. 1854ರಲ್ಲಿ ಅಳತೆ ಮಾಡಲು ಬಂದ ಬ್ರಿಟಿಷ್ ನೌಕೆ ‘ಹೆರಾಲ್ಡ್’ ಆ ಹೆಸರನ್ನು ಖಾಯಂ ಮಾಡಿತು.

ಹೀಗೆಂದ ಮಾತ್ರಕ್ಕೆ ಅದು ಯಾರಿಗೂ ಗೊತ್ತಿಲ್ಲದ ಜಾಗವಾಗಿರಲಿಲ್ಲ. ಟೋಂಗಾದ ಮೀನುಗಾರರು ಅಲ್ಲಿಗೆ ಹೋಗಿಬರುತ್ತಿದ್ದರು. ಅದಕ್ಕಿಂತ ಹತ್ತಿರದ, ಇನ್ನೂ ಹಸಿಯಾಗಿದ್ದ ನೆನಪೊಂದು ಟೋಂಗಾದವರಿಗಿತ್ತು. 1962ರ ಜುಲೈ 7ರಂದು ನ್ಯೂಜಿಲೆಂಡ್ ಕಡೆಗೆ ಹೊರಟಿದ್ದ ‘ತುವಾಯಿಕಾಯೆಪಾವ್’ ಎಂಬ ಟೋಂಗಾದ ಹಾಯಿಹಡಗು ದಕ್ಷಿಣ ಮಿನರ್ವಾಕ್ಕೆ ಬಡಿದು ಒಡೆಯಿತು. ಅದರಲ್ಲಿದ್ದವರು ಅದೇ ದಿಬ್ಬದ ಮೇಲೆ ಮೊದಲೇ ಸಿಕ್ಕಿಬಿದ್ದಿದ್ದ ಜಪಾನಿ ಹಡಗೊಂದರ ಅವಶೇಷದೊಳಗೆ ಆಶ್ರಯ ಪಡೆದರು. ಮೂರು ತಿಂಗಳು ಅಲ್ಲಿಯೇ ಬದುಕಿದರು, ಕೆಲವರು ಅಲ್ಲಿಯೇ ಸತ್ತರು. ಕೊನೆಗೆ ನಾಯಕ ತೆವಿತಾ ಫಿಫಿತಾ ಒಡೆದ ಹಡಗಿನ ಮರದಿಂದ, ಸರಿಯಾದ ಸಲಕರಣೆಗಳೇ ಇಲ್ಲದೆ, ಒಂದು ಪುಟ್ಟ ದೋಣಿ ಕಟ್ಟಿ, ಗಟ್ಟಿಮುಟ್ಟಾಗಿ ಉಳಿದಿದ್ದ ಕೆಲವರನ್ನು ಜೊತೆಗೂಡಿಸಿಕೊಂಡು ಸುಮಾರು ಒಂದು ವಾರ ಸಾಗಿ ಫಿಜಿಯನ್ನು ಮುಟ್ಟಿದ. ಉಳಿದವರ ರಕ್ಷಣೆಗೆ ದಾರಿಯಾದದ್ದು ಹಾಗೆ. ಗಣರಾಜ್ಯದ ಘೋಷಣೆಗೂ ಈ ಘಟನೆಗೂ ನಡುವೆ ಹತ್ತು ವರ್ಷವೂ ತುಂಬಿರಲಿಲ್ಲ. ಪ್ರಕರಣದ ತೀರ್ಮಾನಕ್ಕೆ ಇದು ಮುಖ್ಯವಾದ್ದರಿಂದ ಮುಂದೆ ಮತ್ತೆ ಇಲ್ಲಿಗೆ ಬರಬೇಕಾಗುತ್ತದೆ.

ಆಕರ್ಷಣೆ

ಮಿನರ್ವಾದ ಹಿಂದಿದ್ದ ಮುಖ್ಯ ವ್ಯಕ್ತಿ ಮೈಕೆಲ್ ಆಲಿವರ್. ಲಿಥುವೇನಿಯಾದ ಯಹೂದಿ ಕುಟುಂಬದಲ್ಲಿ ಹುಟ್ಟಿ, ನಾಜಿ ಶಿಬಿರಗಳಲ್ಲಿ ತನ್ನವರನ್ನು ಕಳೆದುಕೊಂಡು, ತಾನು ಮಾತ್ರ ಬದುಕುಳಿದು, ಯುದ್ಧ ಮುಗಿದ ಮೇಲೆ ಅಮೆರಿಕ ಸೇರಿ, ನೆವಾಡಾ ರಾಜ್ಯದಲ್ಲಿ ಭೂಮಿ ಮತ್ತು ನಾಣ್ಯಗಳ ವ್ಯವಹಾರದಿಂದ ಹಣ ಮಾಡಿದವನು. ಈ ಹಿನ್ನೆಲೆಯನ್ನು ಬದಿಗಿಟ್ಟು ಅವನನ್ನು ‘ತೆರಿಗೆ ತಪ್ಪಿಸಿಕೊಳ್ಳಲು ಹೊರಟ ಶ್ರೀಮಂತ’ ಎಂದಷ್ಟೇ ಕರೆದರೆ ಅನ್ಯಾಯವಾಗುತ್ತದೆ. ಒಂದು ಸುಸಂಘಟಿತ ಸರ್ಕಾರ, ಕಾಗದಪತ್ರ ಇಟ್ಟುಕೊಂಡು, ರೈಲುಗಾಡಿಗಳ ವೇಳಾಪಟ್ಟಿ ಹಾಕಿಕೊಂಡು, ತನ್ನ ಪ್ರಜೆಗಳನ್ನೇ ಕೊಲ್ಲಬಲ್ಲದು ಎಂಬುದನ್ನು ಕಣ್ಣಾರೆ ಕಂಡವನಿಗೆ ಸರ್ಕಾರದ ಗಾತ್ರವೇ ಭಯದ ವಿಷಯವಾಗಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. 1960ರ ದಶಕದ ಕೊನೆಯ ಅಮೆರಿಕದಲ್ಲಿ, ಹಣದುಬ್ಬರ, ಬೀದಿಗಲಭೆ, ವಿಯೆಟ್ನಾಂ ಯುದ್ಧದ ಕಡ್ಡಾಯ ಸೇನಾಭರ್ತಿ ಇವೆಲ್ಲವನ್ನೂ ನೋಡುತ್ತ, ಅವನಿಗೆ ಮತ್ತೊಂದು ಸರ್ವಾಧಿಕಾರ ಹತ್ತಿರವಾಗುತ್ತಿದೆ ಎನಿಸಿತು. 1968ರಲ್ಲಿ ಅವನು ಹೊಸ ದೇಶವೊಂದಕ್ಕೆ ಬೇಕಾದ ಸಂವಿಧಾನದ ಕರಡನ್ನು ಪುಸ್ತಕವಾಗಿ ತಾನೇ ಪ್ರಕಟಿಸಿದ.

ಆ ಹೊತ್ತಿಗೆ ಇಂಥ ಮಾತಿಗೆ ಕಿವಿಗೊಡುವವರು ಅಮೆರಿಕದಲ್ಲಿ ಕೂಡಿಕೊಂಡಿದ್ದರು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ವಿದೇಶಿ ಸರ್ಕಾರಗಳು ಡಾಲರನ್ನು ಚಿನ್ನಕ್ಕೆ ವಿನಿಮಯಿಸಿಕೊಳ್ಳುವ ವ್ಯವಸ್ಥೆಯನ್ನು ನಿಲ್ಲಿಸಿದರು, ಅದರ ಜೊತೆಗೆ ಬೆಲೆ ಮತ್ತು ಕೂಲಿಗಳನ್ನೂ ತಾತ್ಕಾಲಿಕವಾಗಿ ಸ್ಥಗಿತಗೊಳಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಲಿಬರ್ಟೇರಿಯನ್ ಪಕ್ಷ ಹುಟ್ಟಿತು. ನಾಣ್ಯ ವ್ಯಾಪಾರಿಯಾಗಿದ್ದ ಆಲಿವರ್‌ಗೆ ಚಿನ್ನವೆಂದರೆ ಸರ್ಕಾರ ಅಳಿಸಲಾಗದ ಹಣ. ಮಿನರ್ವಾದ ಹೆಸರಿನಲ್ಲಿ ಮುಂದೆ 1973ರಲ್ಲಿ ಟಂಕಿಸಿದ ನಾಣ್ಯದ ಮುಖಬೆಲೆ 35 ಡಾಲರ್, ಎಂದರೆ ದಶಕಗಳ ಕಾಲ ಒಂದು ಔನ್ಸ್ ಚಿನ್ನಕ್ಕಿದ್ದ ಅಧಿಕೃತ ಬೆಲೆ. ನಾಣ್ಯ ಹೊರಬಂದಾಗ ಅದರ ಮೇಲಿದ್ದ ಹೆಸರಿನ ದೇಶ ಇರಲಿಲ್ಲ ಎಂಬುದು ಬೇರೆ ಮಾತು.

ಆಕರ್ಷಣೆಯ ತಿರುಳು ಹೀಗಿದೆ: ಇರುವ ದೇಶವನ್ನು ಸುಧಾರಿಸಬೇಕಾದರೆ ನಿಮ್ಮ ಮಾತನ್ನು ಒಪ್ಪದ ಕೋಟ್ಯಂತರ ಜನರನ್ನು ಒಪ್ಪಿಸಬೇಕು, ಚುನಾವಣೆಗಳಲ್ಲಿ ಸೋಲಬೇಕು, ರಾಜಿಯಾಗಬೇಕು. ಹೊಸ ದೇಶದಲ್ಲಿ ಆ ತಾಪತ್ರಯವಿಲ್ಲ. ಒಪ್ಪಿದವರಷ್ಟೇ ಅಲ್ಲಿಗೆ ಬರುತ್ತಾರೆ, ಒಪ್ಪದವರು ಬಂದ ದಾರಿಯಲ್ಲಿ ಹೋಗುತ್ತಾರೆ, ಯಾರ ಮೇಲೂ ಯಾರ ಬಲವಂತವೂ ಇಲ್ಲ. ರಾಜಕೀಯ ಚಿಂತನೆಯ ಪುಸ್ತಕಗಳಲ್ಲಿ ‘ಸಾಮಾಜಿಕ ಒಪ್ಪಂದ’ ಎಂಬುದು ಊಹೆಯ ಮಾತಾಗಿದ್ದರೆ, ಇಲ್ಲಿ ಅದು ನಿಜವಾಗಿಯೂ ಸಹಿ ಹಾಕಿದ ಕಾಗದವಾಗಬಲ್ಲದು. ಈ ವಾದದಲ್ಲಿ ನೈತಿಕವಾದ ಸತ್ವವಿದೆ, ಅದನ್ನು ನಗುತ್ತ ತಳ್ಳಿಹಾಕುವವರು ತಮ್ಮ ಒಪ್ಪಿಗೆಯನ್ನು ಯಾವ ಸರ್ಕಾರ ಯಾವಾಗ ಕೇಳಿತ್ತು ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು. ವಾದಕ್ಕೆ ಬೇಕಾದದ್ದು ಒಂದೇ ಪೂರ್ವಸ್ಥಿತಿ: ಯಾರ ಹಕ್ಕೂ ಇಲ್ಲದ ಒಂದು ತುಂಡು ನೆಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಂಥ ನೆಲ ಉಳಿದಿರಲಿಲ್ಲ. ಆದ್ದರಿಂದ ನೆಲವಲ್ಲದ್ದನ್ನು ನೆಲ ಮಾಡುವುದೇ ಉಳಿದ ದಾರಿಯಾಯಿತು. ಇಟಲಿಯ ರಿಮಿನಿ ತೀರದಾಚೆ ಜಾರ್ಜೊ ರೋಸಾ ಎಂಬ ಎಂಜಿನಿಯರ್ 1968ರಲ್ಲಿ ಕಂಬಗಳ ಮೇಲೆ ಅಟ್ಟಣೆ ಕಟ್ಟಿ ಗಣರಾಜ್ಯ ಸಾರಿದ್ದ, ಇಟಲಿ ಸರ್ಕಾರ ಮರುವರ್ಷವೇ ಅದನ್ನು ಸ್ಫೋಟಿಸಿ ಕೆಡವಿತ್ತು. ಆಲಿವರ್ ಆಯ್ದುಕೊಂಡದ್ದು ಇನ್ನೂ ದೂರದ, ಇನ್ನೂ ಬಡ ನೆರೆಯವರಿರುವ ಸಮುದ್ರವನ್ನು.

ಸ್ಥಾಪನೆ

ಹಣ ಹೂಡಿದವರ ಕೂಟಕ್ಕೆ ‘ಓಷನ್ ಲೈಫ್ ರಿಸರ್ಚ್ ಫೌಂಡೇಶನ್’ ಎಂಬ ಸಾಧು ಹೆಸರಿತ್ತು. 1971ರಲ್ಲಿ ಇವರು ದಿಬ್ಬದ ಮೇಲೆ ಮರಳು ಸುರಿದು, ಭರತದ ನೀರಿಗಿಂತ ಮೇಲೆ ಉಳಿಯುವಂತೆ ಒಂದಿಷ್ಟು ಜಾಗ ಎತ್ತರಿಸಿ, ಪುಟ್ಟ ಗೋಪುರ ಕಟ್ಟಿ ಧ್ವಜ ನೆಟ್ಟರು. ಧ್ವಜದಲ್ಲಿ ನೀಲಿ ಹಿನ್ನೆಲೆಯ ಮೇಲೆ ಚಿನ್ನದ ಬಣ್ಣದ ಪಂಜು. ಮುಂದೆ ಇಲ್ಲೊಂದು ಸಮುದ್ರನಗರ ಎದ್ದು, ಸಾವಿರಾರು ಜನ ನೆಲೆಸಿ, ಮೀನುಗಾರಿಕೆ, ಪ್ರವಾಸೋದ್ಯಮ ಮತ್ತಿತರ ವ್ಯವಹಾರಗಳಿಂದ ಬದುಕುವರೆಂಬುದು ಯೋಜನೆ. 1972ರ ಫೆಬ್ರವರಿಯಲ್ಲಿ ಮಾರಿಸ್ ಡೇವಿಸ್ ಎಂಬವರನ್ನು ತಾತ್ಕಾಲಿಕ ಅಧ್ಯಕ್ಷರನ್ನಾಗಿ ಆರಿಸಲಾಯಿತು.

ಆರಿಸಿದವರು ಯಾರು ಎಂದು ಇಲ್ಲಿ ಕೇಳಲೇಬೇಕು. ದಿಬ್ಬದ ಮೇಲೆ ಮನೆ ಮಾಡಿಕೊಂಡ ನಿವಾಸಿಗಳು ಇರಲಿಲ್ಲ. ಮತದಾರರಿಲ್ಲದ ದೇಶದಲ್ಲಿ ಅಧ್ಯಕ್ಷನನ್ನು ಕೂರಿಸುವವರು ಹಣ ಹೂಡಿದವರಲ್ಲದೆ ಬೇರೆ ಯಾರೂ ಆಗಲಾರರು. ಯೋಜನೆ ಕುಸಿದ ಮೇಲೆ ಡೇವಿಸ್‌ರನ್ನು ಆಲಿವರ್ ಹುದ್ದೆಯಿಂದ ತೆಗೆದುಹಾಕಿದ. ದೋಷಾರೋಪಣೆಯ ವಿಧಿ, ನ್ಯಾಯಾಲಯ, ಮರುಚುನಾವಣೆ ಯಾವುದೂ ಅಲ್ಲಿ ಪ್ರಸ್ತುತವಾಗಲಿಲ್ಲ; ಮಾಲೀಕ ವ್ಯವಸ್ಥಾಪಕನನ್ನು ಬದಲಾಯಿಸಿದಂತೆ ಅದು ನಡೆದುಹೋಯಿತು. ಅಧಿಕಾರಕ್ಕೆ ಕಡಿವಾಣ ಹಾಕಬೇಕೆಂಬ ಒಂದೇ ಉದ್ದೇಶದಿಂದ ಬರೆದ ಸಂವಿಧಾನವಿದ್ದ ದೇಶದ ಮೊದಲ ಸಾಂವಿಧಾನಿಕ ಬಿಕ್ಕಟ್ಟು ಹೀಗೆ ಬಗೆಹರಿದದ್ದನ್ನು ನಾನು ಸಣ್ಣ ವಿಷಯವೆಂದು ಭಾವಿಸುವುದಿಲ್ಲ. ಸರ್ಕಾರದ ಅಧಿಕಾರವನ್ನು ತೆಗೆದ ಜಾಗದಲ್ಲಿ ಮಾಲೀಕನ ಅಧಿಕಾರ ಬಂದು ಕೂತಿತ್ತು. ಅದನ್ನು ತಡೆಯುವ ಏರ್ಪಾಡು ಇಂಥ ಬಹುತೇಕ ಯೋಜನೆಗಳಲ್ಲಿ ಕಾಣುವುದಿಲ್ಲ, ಏಕೆಂದರೆ ಮಾಲೀಕತ್ವವನ್ನು ಅಧಿಕಾರವೆಂದು ನೋಡುವ ಅಭ್ಯಾಸವೇ ಅವರಿಗಿಲ್ಲ.

ನೆರೆಯವರು

ಟೋಂಗಾ ಅಂದು ಒಂದು ಲಕ್ಷಕ್ಕೂ ಕಡಿಮೆ ಜನರಿದ್ದ ರಾಜ್ಯ. ಪೆಸಿಫಿಕ್‌ನ ಉಳಿದ ದ್ವೀಪಗಳನ್ನು ಯುರೋಪಿನವರು ಒಂದೊಂದಾಗಿ ವಶಪಡಿಸಿಕೊಂಡಾಗಲೂ ತನ್ನ ಅರಸನನ್ನು ಉಳಿಸಿಕೊಂಡು, ಬ್ರಿಟನ್ನಿನ ರಕ್ಷಣೆಯಲ್ಲಿ ಕಾಲ ಕಳೆದು, 1970ರ ಜೂನ್ 4ರಂದಷ್ಟೇ ಆ ರಕ್ಷಣೆಯಿಂದಲೂ ಹೊರಬಂದಿತ್ತು. 1875ರ ಅದರ ಸಂವಿಧಾನ ಭೂಮಿಯ ಮಾರಾಟವನ್ನೇ ನಿಷೇಧಿಸುತ್ತದೆ. ನೆಲವೆಲ್ಲ ಅರಸೊತ್ತಿಗೆಗೆ ಸೇರಿದ್ದು, ಹದಿನಾರು ತುಂಬಿದ ಪ್ರತಿಯೊಬ್ಬ ಗಂಡಸಿಗೂ ಉಳುಮೆಗೊಂದು ತುಂಡು, ಮನೆಗೊಂದು ತುಂಡು ಪಡೆಯುವ ಹಕ್ಕಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗಿನಿಂದಿಳಿದ ಬಿಳಿಯ ವ್ಯಾಪಾರಿಗಳು ಸುತ್ತಲಿನ ದ್ವೀಪಗಳಲ್ಲಿ ಭೂಮಿ ಕೊಂಡುಕೊಂಡು ಕ್ರಮೇಣ ದೇಶವನ್ನೇ ಕೊಂಡುಕೊಂಡದ್ದನ್ನು ನೋಡಿದವರು ಮಾಡಿಕೊಂಡ ಕಾನೂನು ಅದು. ಖಾಸಗಿ ಆಸ್ತಿಯೇ ಸ್ವಾತಂತ್ರ್ಯದ ಬೇರೆಂದು ನಂಬಿದ ಅಮೆರಿಕನ್ನರು, ಭೂಮಿಯನ್ನು ಮಾರದಿರುವುದೇ ಸ್ವಾತಂತ್ರ್ಯದ ಬೇರೆಂದು ನಂಬಿದ ದೇಶದ ಪಕ್ಕದಲ್ಲಿ ಬಂದು ಇಳಿದಿದ್ದರು. ಈ ಎರಡೂ ನಂಬಿಕೆಗಳು ಅನುಭವದಿಂದಲೇ ಹುಟ್ಟಿದವು ಎಂಬುದನ್ನು ಗಮನಿಸಬೇಕು.

1972ರ ಫೆಬ್ರವರಿ 24ರಂದು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಿಜಿ, ನೌರು, ಪಶ್ಚಿಮ ಸಮೋವಾ, ಕುಕ್ ದ್ವೀಪಗಳು ಮತ್ತು ಟೋಂಗಾ ಸಭೆ ಸೇರಿದಾಗ ಟೋಂಗಾ ಮಿನರ್ವಾದ ಮೇಲೆ ತನ್ನ ಹಕ್ಕನ್ನು ಮಂಡಿಸಿತು. ಹಕ್ಕಿನಲ್ಲಿ ಒಂದು ತೊಡಕಿತ್ತು. 1887ರಲ್ಲಿ ಟೋಂಗಾದ ಅರಸರು ತಮ್ಮ ರಾಜ್ಯದ ಎಲ್ಲೆಯನ್ನು ಅಕ್ಷಾಂಶ ರೇಖಾಂಶಗಳಲ್ಲಿ ಘೋಷಿಸಿದ್ದರು, ದಕ್ಷಿಣದ ಗಡಿ 23 ಡಿಗ್ರಿ 30 ಮಿನಿಟು, ಪಶ್ಚಿಮದ ಗಡಿ 177 ಡಿಗ್ರಿ. ಮಿನರ್ವಾ ಆ ಚೌಕದ ಹೊರಗೆ ಬೀಳುತ್ತದೆ. ಹಳೆಯ ಘೋಷಣೆ ಸಾಕಾಗದ್ದರಿಂದ ಹೊಸದೊಂದು ಬೇಕಾಯಿತು. ಜೂನ್ 15ರಂದು ಟೋಂಗಾದ ರಾಜಪತ್ರದಲ್ಲಿ ಪ್ರಕಟವಾದ ಘೋಷಣೆ ಎರಡು ಆಧಾರಗಳನ್ನು ಕೊಟ್ಟಿತು: ಈ ದಿಬ್ಬಗಳು ಬಹುಕಾಲದಿಂದ ಟೋಂಗಾ ಜನರ ಮೀನುಗಾರಿಕೆಯ ತಾಣಗಳಾಗಿದ್ದು ರಾಜ್ಯಕ್ಕೆ ಸೇರಿದವೆಂದು ಭಾವಿಸಲ್ಪಟ್ಟಿವೆ; ಈಗ ರಾಜ್ಯವು ಇವುಗಳ ಮೇಲೆ ದ್ವೀಪಗಳನ್ನು ನಿರ್ಮಿಸಿದೆ. ಆದ್ದರಿಂದ ಅವುಗಳ ಸುತ್ತಲಿನ ಹನ್ನೆರಡು ಮೈಲಿಯ ಸಮುದ್ರವೂ ಟೋಂಗಾದ್ದು.

ಎರಡನೆಯ ಆಧಾರ ಸ್ವಾರಸ್ಯಕರವಾಗಿದೆ. ದಿಬ್ಬದ ಮೇಲೆ ನೆಲ ಕಟ್ಟಿದ್ದರಿಂದ ಅದು ನಮ್ಮದಾಯಿತು ಎಂಬ ಆಲಿವರ್‌ನ ವಾದವನ್ನೇ ಟೋಂಗಾ ಎತ್ತಿಕೊಂಡು ತನ್ನ ರಾಜಪತ್ರದಲ್ಲಿ ಅಚ್ಚುಹಾಕಿತ್ತು. ಆ ನೆಲ ಕಟ್ಟಲು ಒಂದು ದಂಡು ಹೊರಟಿತು. ಅರಸ ನಾಲ್ಕನೆಯ ತೌಫಾಹೌ ತುಪೌ ಸ್ವತಃ ಕಾರ್ಯಾಚರಣೆಯ ಮುಂದಾಳಾಗಿದ್ದರು, ಕೆಲಸಕ್ಕೆ ಸೆರೆಮನೆಯ ಕೈದಿಗಳನ್ನು ಬಳಸಲಾಯಿತು. ಹಡಗು ಜೂನ್ 18ರಂದು ಉತ್ತರ ಮಿನರ್ವಾ ತಲುಪಿತು. 19ರಂದು ಅಲ್ಲಿ, 21ರಂದು ದಕ್ಷಿಣದಲ್ಲಿ ಟೋಂಗಾದ ಧ್ವಜ ಏರಿತು. ಪ್ರತಿಭಟಿಸಲು ಗಣರಾಜ್ಯದ ಒಬ್ಬ ಪ್ರಜೆಯೂ ಅಲ್ಲಿರಲಿಲ್ಲ. ಸೆಪ್ಟೆಂಬರಿನಲ್ಲಿ ಆ ಭಾಗದ ದೇಶಗಳ ಕೂಟವಾದ ಸೌತ್ ಪೆಸಿಫಿಕ್ ಫೋರಂ, ದಿಬ್ಬಗಳೊಡನೆ ಟೋಂಗಾಕ್ಕಿರುವ ಚಾರಿತ್ರಿಕ ಸಂಬಂಧವನ್ನು ಒಪ್ಪಿ, ಓಷನ್ ಲೈಫ್ ರಿಸರ್ಚ್ ಫೌಂಡೇಶನ್ನಿನದೂ ಸೇರಿದಂತೆ ಬೇರೆ ಯಾವ ಹಕ್ಕುದಾರಿಕೆಯನ್ನೂ ಮಾನ್ಯ ಮಾಡುವ ಪ್ರಶ್ನೆಯೇ ಇಲ್ಲವೆಂದು ಹೇಳಿತು.

ತಪ್ಪಿದ್ದು ಎಲ್ಲಿ

ಕಾನೂನಿನಿಂದ ಆರಂಭಿಸುವುದಾದರೆ ಮಿನರ್ವಾದ ಸ್ಥಿತಿ ಮೊದಲೇ ದುರ್ಬಲವಾಗಿತ್ತು. ದೇಶವೆನಿಸಿಕೊಳ್ಳಲು ಬೇಕಾದವುಗಳೆಂದು 1933ರ ಮಾಂಟೆವಿಡಿಯೊ ಒಪ್ಪಂದ ಪಟ್ಟಿ ಮಾಡಿದ ನಾಲ್ಕು ಅಂಶಗಳಾದ ಶಾಶ್ವತ ಜನವಸತಿ, ನಿಶ್ಚಿತ ನೆಲ, ಸರ್ಕಾರ, ಇತರ ದೇಶಗಳೊಡನೆ ವ್ಯವಹರಿಸುವ ಸಾಮರ್ಥ್ಯ ಇವುಗಳಲ್ಲಿ ಮೊದಲನೆಯದು ಶೂನ್ಯ, ಎರಡನೆಯದು ಸಂದೇಹಾಸ್ಪದ. 1958ರ ಜಿನೀವಾ ಒಡಂಬಡಿಕೆಯ ಪ್ರಕಾರ ದ್ವೀಪವೆಂದರೆ ಸಹಜವಾಗಿ ರೂಪುಗೊಂಡ, ಭರತದಲ್ಲೂ ನೀರಿನ ಮೇಲಿರುವ ನೆಲ. ಮನುಷ್ಯ ಸುರಿದ ಮರಳು ಈ ವ್ಯಾಖ್ಯೆಯೊಳಗೆ ಬರುವುದಿಲ್ಲ. 1982ರ ಸಮುದ್ರ ಕಾನೂನು ಒಡಂಬಡಿಕೆ ಕೃತಕ ದ್ವೀಪಕ್ಕೆ ದ್ವೀಪದ ಸ್ಥಾನವಿಲ್ಲವೆಂದು ಇನ್ನಷ್ಟು ಸ್ಪಷ್ಟವಾಗಿ ಹೇಳಿತು. ಇಳಿತದಲ್ಲಿ ಮಾತ್ರ ತಲೆಯೆತ್ತುವ ನೆಲವನ್ನು ಸ್ವಾಧೀನಪಡಿಸಿಕೊಳ್ಳಲಾಗದೆಂದು ಅಂತರರಾಷ್ಟ್ರೀಯ ನ್ಯಾಯಾಲಯ ನಿಕರಾಗುವಾ ಮತ್ತು ಕೊಲಂಬಿಯಾ ನಡುವಿನ ವ್ಯಾಜ್ಯದಲ್ಲಿ 2012ರಲ್ಲಿ ತೀರ್ಪು ಕೊಟ್ಟಿದೆ.

ಆದರೆ ಇವೇ ಕಲಮುಗಳು ಟೋಂಗಾದ ಘೋಷಣೆಯನ್ನೂ ಕುಟುಕುತ್ತವೆ ಎಂಬುದನ್ನು ಮರೆಯುವಂತಿಲ್ಲ. ಕೈದಿಗಳಿಂದ ಕಟ್ಟಿಸಿದ ನೆಲವೂ ಕೃತಕವೇ. ಹಾಗಿದ್ದರೂ ಟೋಂಗಾ ಗೆದ್ದದ್ದು ಆರು ನೆರೆದೇಶಗಳು ತಲೆಯಾಡಿಸಿದ್ದರಿಂದ. ಮಾನ್ಯತೆ ಎಂಬುದು ಕಾನೂನಿನ ತರ್ಕದ ಫಲಿತಾಂಶವಲ್ಲ. ಜೊತೆಗೆ ಬದುಕಬೇಕಾದವರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಮರ್ಯಾದೆ. ಮಿನರ್ವಾದ ಸ್ಥಾಪಕರು ನೆರೆಯವರಿಗೆ ಪತ್ರ ಬರೆದರೇ ಹೊರತು ಮುಂಚಿತವಾಗಿ ಅವರ ಬಾಗಿಲಿಗೆ ಹೋಗಿ ಮಾತಾಡಲಿಲ್ಲ. ಅವರ ಕಲ್ಪನೆಯ ನಕಾಶೆಯಲ್ಲಿ ಆ ಸಮುದ್ರ ಖಾಲಿಯಾಗಿತ್ತು.

ಮಾನ್ಯತೆಯಿಲ್ಲದೆ ಸ್ವತಂತ್ರವಾಗಿರಬಹುದಲ್ಲ, ಅದರ ಹಂಬಲವೇಕೆ ಎಂದು ಕೇಳಬಹುದು. ಕಾರಣ ಸರಳ. ತೆರಿಗೆಯಿಲ್ಲದ ತಾಣದ ಲಾಭವೆಲ್ಲ ಬರುವುದು ಹೊರಗಿನ ಜಗತ್ತಿನೊಡನೆ ಮಾಡುವ ವ್ಯವಹಾರದಿಂದ: ಪಾಸ್‌ಪೋರ್ಟ್ ಇನ್ನೊಂದು ದೇಶದ ಗಡಿಯಲ್ಲಿ ಸಲ್ಲಬೇಕು, ಅಲ್ಲಿ ನೋಂದಾಯಿಸಿದ ಹಡಗನ್ನು ಬಂದರುಗಳು ಒಳಬಿಡಬೇಕು, ಅಲ್ಲಿನ ಕಂಪನಿಯ ಕಾಗದವನ್ನು ಬೇರೆಡೆಯ ಬ್ಯಾಂಕು ಒಪ್ಪಬೇಕು. ಸರ್ಕಾರಗಳಿಂದ ತಪ್ಪಿಸಿಕೊಳ್ಳಲು ಹೊರಟವರ ಸರಕಿಗೆ ಬೆಲೆ ಬರಬೇಕಾದರೆ ಸರ್ಕಾರಗಳ ಮೊಹರೇ ಬೇಕು. ಟೋಂಗಾ ಈ ವ್ಯಾಪಾರವನ್ನು ಮುಂದೆ ತಾನೇ ಮಾಡಿತು: 1980ರ ದಶಕದಿಂದ ವಿದೇಶಿಯರಿಗೆ ಪಾಸ್‌ಪೋರ್ಟ್ ಮಾರಿತು, ಭೂಸ್ಥಿರ ಉಪಗ್ರಹಗಳಿಗೆ ಬೇಕಾದ ಕಕ್ಷೆಯ ಸ್ಥಾನಗಳನ್ನು ತನ್ನ ಹೆಸರಿಗೆ ಕೋರಿ ಬಾಡಿಗೆಗೆ ಕೊಟ್ಟಿತು. (ಪಾಸ್‌ಪೋರ್ಟಿನಿಂದ ಬಂದ ಹಣದ ಬಹುಭಾಗ ಅಮೆರಿಕದ ಒಬ್ಬ ಹಣಕಾಸು ಸಲಹೆಗಾರನ ಹೂಡಿಕೆಗಳಲ್ಲಿ ಕರಗಿಹೋಯಿತು, ಆತನನ್ನು ಅರಸರು ಅಧಿಕೃತವಾಗಿ ಆಸ್ಥಾನ ವಿದೂಷಕನನ್ನಾಗಿ ನೇಮಿಸಿದ್ದರು.) ಆಲಿವರ್ ಮರಳು ಸುರಿದು ತಯಾರಿಸಲು ಹೊರಟ ಸಾರ್ವಭೌಮತ್ವವೆಂಬ ಸೊತ್ತು ಟೋಂಗಾದ ಬಳಿ ಮೊದಲೇ ಇತ್ತು. ನಮ್ಮ ಓದುಗರಿಗೆ ಪರಿಚಿತ ಉದಾಹರಣೆ ಬೇಕಿದ್ದರೆ, ಬಿಡದಿಯಲ್ಲಿ ಆಶ್ರಮ ನಡೆಸುತ್ತಿದ್ದ ನಿತ್ಯಾನಂದರ ‘ಕೈಲಾಸ’ವನ್ನು ನೋಡಬಹುದು. ಅದು ಲಿಬರ್ಟೇರಿಯನ್ ಯೋಜನೆಯಲ್ಲ. ಆದರೂ 2023ರಲ್ಲಿ ಅಮೆರಿಕದ ನ್ಯೂಆರ್ಕ್ ನಗರದೊಡನೆ ಸೋದರಿ ನಗರ ಒಪ್ಪಂದ ಮಾಡಿಕೊಂಡು, ನಗರಾಡಳಿತ ಎಚ್ಚೆತ್ತು ಅದನ್ನು ರದ್ದುಮಾಡಿದ ಪ್ರಸಂಗದಲ್ಲಿ ಕಂಡದ್ದು ಇದೇ ಮೊಹರಿನ ಹಸಿವು.

ಈಗ ತತ್ತ್ವದ ಮಾತು. ಯಾರದೂ ಅಲ್ಲದ ನೆಲಕ್ಕೆ ಮೊದಲು ದುಡಿಮೆಯನ್ನು ಬೆರೆಸಿದವನೇ ಅದರ ಒಡೆಯ ಎಂಬುದು ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್‌ನಿಂದ ಬಂದ, ಲಿಬರ್ಟೇರಿಯನ್ನರು ಬಹುವಾಗಿ ಆಧರಿಸುವ ನಿಯಮ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ಹೊತ್ತಿಗೆ ‘ಉಳುವವನೇ ಹೊಲದೊಡೆಯ’ ಎಂದು ಮೊಳಗಿದ ಘೋಷಣೆಯ ರಾಜಕೀಯ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದಾದರೂ, ಒಡೆತನವನ್ನು ಕಾಗದದಲ್ಲಿ ನೋಡದೆ ದುಡಿಮೆಯಲ್ಲಿ ನೋಡುವ ಮೂಲಭಾವ ಎರಡರಲ್ಲೂ ಒಂದೇ. ಈ ನಿಯಮವನ್ನು ಮಿನರ್ವಾಕ್ಕೆ ಪ್ರಾಮಾಣಿಕವಾಗಿ ಅನ್ವಯಿಸಿದರೆ ಏನಾಗುತ್ತದೆ? ಅಲ್ಲಿ ತಲೆಮಾರುಗಳಿಂದ ಬಲೆ ಬೀಸಿದವರು ಟೋಂಗಾದವರು. ಮೂರು ತಿಂಗಳು ಅಲ್ಲಿ ಬದುಕಿ, ಸತ್ತು, ಒಡೆದ ಹಡಗಿನ ಮರದಿಂದಲೇ ದೋಣಿ ಕಟ್ಟಿದವರು ಟೋಂಗಾದವರು. ಆ ದಿಬ್ಬದ ಮೇಲೆ ‘ವಾಸ’ ಎಂದು ಕರೆಯಬಹುದಾದದ್ದನ್ನು ಮಾಡಿದ ದಾಖಲೆ ಇರುವುದು 1962ರ ಆ ನತದೃಷ್ಟರಿಗೇ ಹೊರತು ಅಧ್ಯಕ್ಷರಿಗಲ್ಲ, ಹೂಡಿಕೆದಾರರಿಗಲ್ಲ. ಬೇಲಿ ಹಾಕಿ ದಸ್ತಾವೇಜು ಬರೆಸಿಕೊಳ್ಳದ ಬಳಕೆ ಬಳಕೆಯೇ ಅಲ್ಲ ಎನ್ನುವುದಾದರೆ ಅದು ಲಾಕ್‌ನ ಕಾಲದಲ್ಲಿ ಅಮೆರಿಕದ ಮೂಲನಿವಾಸಿಗಳ ಭೂಮಿಯನ್ನು ‘ಪಾಳು’ ಎಂದು ಕರೆದ ಅದೇ ಹಳೆಯ ಲೆಕ್ಕವಾಗುತ್ತದೆ. ರೂಢಿಯ ಬಳಕೆದಾರರನ್ನು ಕಾಣದ ಕಣ್ಣಿಗೆ ಮಾತ್ರ ಮಿನರ್ವಾ ಯಾರದೂ ಅಲ್ಲದ ನೆಲವಾಗಿತ್ತು.

ಟೋಂಗಾದ ಪರವಾಗಿ ವಕಾಲತ್ತು ವಹಿಸುವುದು ನನ್ನ ಉದ್ದೇಶವಲ್ಲ. ಅಂದಿನ ಟೋಂಗಾದಲ್ಲಿ ಅರಸರು ಮತ್ತು ಶ್ರೀಮಂತ ಮನೆತನಗಳ ಹಿಡಿತ ಬಿಗಿಯಾಗಿತ್ತು, ಶಾಸನಸಭೆಯ ಬಹುಮತ ಜನಸಾಮಾನ್ಯರ ಪ್ರತಿನಿಧಿಗಳ ಕೈಗೆ ಬಂದದ್ದು 2010ರ ಸುಧಾರಣೆಯ ನಂತರವೇ. ಕೈದಿಗಳ ದುಡಿಮೆಯಿಂದ ಸಾರ್ವಭೌಮತ್ವ ಸ್ಥಾಪಿಸಿದ್ದನ್ನು ಕಂಡು ಲಿಬರ್ಟೇರಿಯನ್ನರು ಕೆರಳಿದ್ದರೆ ಆ ಕೆರಳುವಿಕೆಗೆ ಕಾರಣವಿತ್ತು. ಆದರೆ ಒಬ್ಬ ಅರಸನ ದೋಷದಿಂದ ಇನ್ನೊಬ್ಬನ ಹಕ್ಕು ಹುಟ್ಟುವುದಿಲ್ಲ.

ಆಮೇಲೆ

ಆಲಿವರ್ ಮಿನರ್ವಾದಿಂದ ಕಲಿತದ್ದು ವಿಚಿತ್ರವಾದ ಪಾಠ. ಜನರಿಲ್ಲದ ನೆಲ ಉಳಿಯದಾದರೆ ಜನರಿರುವ ನೆಲ ಹುಡುಕಬೇಕು, ಹೊಸದಾಗಿ ಸ್ವತಂತ್ರವಾಗುತ್ತಿರುವ ದೇಶದಲ್ಲಿ ಅತೃಪ್ತರಾದ ಒಂದು ಗುಂಪಿಗೆ ಬೆಂಬಲ ಕೊಡಬೇಕು ಎಂದು ಅವನು ತೀರ್ಮಾನಿಸಿದಂತಿದೆ. 1973ರಲ್ಲಿ ಬಹಾಮಾಸ್ ಸ್ವತಂತ್ರವಾದಾಗ ಅದರಿಂದ ಬೇರೆಯಾಗಬಯಸಿದ ಅಬಾಕೊ ದ್ವೀಪದ ಚಳವಳಿಗಾರರ ಬಳಿ ಹೋದ, ಅದು ಫಲಿಸಲಿಲ್ಲ. 1975ರಲ್ಲಿ ಫೀನಿಕ್ಸ್ ಫೌಂಡೇಶನ್ ಕಟ್ಟಿದ. ಲಿಬರ್ಟೇರಿಯನ್ ಪಕ್ಷದ ಮೊದಲ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಹಾಸ್ಪರ್ಸ್ ಅದರೊಡನೆ ಗುರುತಿಸಿಕೊಂಡಿದ್ದರು.

ಮೂರನೆಯ ಯತ್ನ ನಗುವ ವಿಷಯವಾಗಿ ಉಳಿಯಲಿಲ್ಲ. ಬ್ರಿಟನ್ ಮತ್ತು ಫ್ರಾನ್ಸ್ 1906ರಿಂದ ಜಂಟಿಯಾಗಿ ಆಳುತ್ತಿದ್ದ ನ್ಯೂ ಹೆಬ್ರಿಡೀಸ್ ದ್ವೀಪಸಮೂಹ ವನುವಾಟು ಎಂಬ ಹೆಸರಿನಲ್ಲಿ 1980ರ ಜುಲೈ 30ರಂದು ಸ್ವತಂತ್ರವಾಗಲಿತ್ತು. ಅಲ್ಲಿನ ಎಸ್ಪಿರಿಟು ಸ್ಯಾಂಟೊ ದ್ವೀಪದಲ್ಲಿ ಜಿಮ್ಮಿ ಸ್ಟೀವನ್ಸ್ ಎಂಬ ನಾಯಕ, ಬಿಳಿಯ ತೋಟದ ಮಾಲೀಕರು ಕಾಡಿನೊಳಕ್ಕೆ ಬೇಲಿ ಸರಿಸುವುದರ ವಿರುದ್ಧ ನಗ್ರಿಯಾಮೆಲ್ ಎಂಬ ಚಳವಳಿ ಕಟ್ಟಿದ್ದ. ಪರಂಪರೆಯ ಭೂಮಿಯನ್ನು ಉಳಿಸಿಕೊಳ್ಳಲು ಹುಟ್ಟಿದ ಚಳವಳಿಯೂ, ಭೂಮಿಯನ್ನು ಮುಕ್ತ ಮಾರುಕಟ್ಟೆಯ ಸರಕಾಗಿಸಬಯಸಿದ ಅಮೆರಿಕನ್ ಸಂಸ್ಥೆಯೂ ಕೈಜೋಡಿಸಿದವು. ಎರಡಕ್ಕೂ ಹೊಸ ಸರ್ಕಾರ ಬೇಡವಾಗಿತ್ತು ಎಂಬುದನ್ನು ಬಿಟ್ಟರೆ ಸಾಮಾನ್ಯವಾದದ್ದು ಹೆಚ್ಚೇನೂ ಇರಲಿಲ್ಲ. ಸ್ವಾತಂತ್ರ್ಯಕ್ಕೆ ಎರಡು ತಿಂಗಳ ಮೊದಲು ಸ್ಟೀವನ್ಸ್ ‘ವೆಮೆರಾನಾ’ ಎಂಬ ದೇಶವನ್ನು ಘೋಷಿಸಿದ. ಪ್ರಧಾನಿ ವಾಲ್ಟರ್ ಲಿನಿ ಪಪುವಾ ನ್ಯೂಗಿನಿಯ ಸೈನ್ಯದ ನೆರವು ಕೇಳಿದರು, ದಂಗೆ ಆಗಸ್ಟಿನಲ್ಲಿ ಅಡಗಿತು. ಸ್ಟೀವನ್ಸ್‌ನ ಮಗ ಗುಂಡಿಗೆ ಬಲಿಯಾದ, ಸ್ಟೀವನ್ಸ್‌ಗೆ ಹದಿನಾಲ್ಕು ವರ್ಷದ ಸೆರೆವಾಸ ವಿಧಿಸಲಾಯಿತು; ಅವನು ಬಿಡುಗಡೆಯಾದದ್ದು 1991ರಲ್ಲಿ. ಸಂವಿಧಾನದ ಕರಡು ಕಳಿಸಿದವರು ನೆವಾಡಾದಲ್ಲಿದ್ದರು. ಪ್ರಯೋಗದ ಬೆಲೆಯನ್ನು ತೆತ್ತವರು ಸ್ಥಳೀಯರು. ಈ ಬಗೆಯ ಯೋಜನೆಗಳ ಅತಿ ದೊಡ್ಡ ಅಪಾಯ ಹೂಡಿಕೆದಾರರ ಹಣ ಮುಳುಗುವುದರಲ್ಲಿದೆ ಎಂದು ಹೇಳುವವರು ವೆಮೆರಾನಾವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಮಿನರ್ವಾಕ್ಕೆ ಡೇವಿಸ್ 1982ರಲ್ಲಿ ಮತ್ತೊಮ್ಮೆ ಕೆಲವು ಅಮೆರಿಕನ್ನರೊಡನೆ ಬಂದು ಮೂರು ವಾರ ನಿಂತಾಗ ಟೋಂಗಾದ ಸೈನಿಕರು ಹೊರಗಟ್ಟಿದರು. ಇಂಥ ಉತ್ಸಾಹ ಆ ಸಮುದ್ರಕ್ಕೆ ಸೀಮಿತವಾಗಿ ಉಳಿಯಲಿಲ್ಲ. 2015ರಲ್ಲಿ ಕ್ರೊಯೇಷಿಯಾ ಮತ್ತು ಸರ್ಬಿಯಾಗಳ ಗಡಿವಿವಾದದ ನಡುವೆ ಡ್ಯಾನ್ಯೂಬ್ ದಡದಲ್ಲಿ ಉಳಿದುಹೋದ ಸುಮಾರು ಏಳು ಚದರ ಕಿಲೋಮೀಟರ್ ಕಾಡನ್ನು ಚೆಕ್ ರಾಜಕಾರಣಿ ವೀಟ್ ಯೆಡ್ಲಿಚ್ಕಾ ‘ಲಿಬರ್‌ಲ್ಯಾಂಡ್’ ಎಂದು ಸಾರಿದ; ಅಲ್ಲಿ ಬೀಡುಬಿಟ್ಟವರ ಕಟ್ಟಡಗಳನ್ನು ಕ್ರೊಯೇಷಿಯಾ 2023ರ ಸೆಪ್ಟೆಂಬರಿನಲ್ಲಿ ಕೆಡವಿತು. 2019ರಲ್ಲಿ ಥಾಯ್ಲೆಂಡಿನ ಫುಕೆಟ್‌ನಾಚೆ, ಹನ್ನೆರಡು ನಾಟಿಕಲ್ ಮೈಲಿಯ ಗಡಿಯ ಹೊರಗಿದ್ದೇವೆಂದು ನಂಬಿ, ತೇಲುವ ಮನೆಯಲ್ಲಿ ವಾಸಿಸುತ್ತಿದ್ದ ಜೋಡಿಯ ಮೇಲೆ ದೇಶದ ಸಾರ್ವಭೌಮತ್ವಕ್ಕೆ ಧಕ್ಕೆ ತಂದ ಆರೋಪ ಬಂತು, ಆ ಕಲಮಿಗೆ ಮರಣದಂಡನೆಯವರೆಗೂ ಶಿಕ್ಷೆಯಿದೆ. ಅವರು ತಲೆಮರೆಸಿಕೊಂಡರು, ನೌಕಾಪಡೆ ಮನೆಯನ್ನು ಎಳೆದುಕೊಂಡು ಹೋಯಿತು. ಈ ವಿಚಾರದ ಬೆಂಬಲಿಗರಲ್ಲಿ ಹೆಚ್ಚು ಲೆಕ್ಕಾಚಾರದವರು ಈಗ ಹೊಸ ಧ್ವಜದ ಆಸೆ ಬಿಟ್ಟು, ಇರುವ ದೇಶದೊಡನೆಯೇ ಒಪ್ಪಂದ ಮಾಡಿಕೊಂಡು ವಿಶೇಷ ವಲಯ ಪಡೆಯುವತ್ತ ಹೊರಳಿದ್ದಾರೆ. ಹೊಂಡುರಾಸ್‌ನ ‘ಪ್ರೋಸ್ಪೆರಾ’ ಅದಕ್ಕೆ ಉದಾಹರಣೆ. ಅದಕ್ಕೆ ಆಧಾರವಾಗಿದ್ದ ಕಾನೂನನ್ನು ಅಲ್ಲಿನ ಸಂಸತ್ತು 2022ರಲ್ಲಿ ರದ್ದುಪಡಿಸಿದ್ದರಿಂದ ಹೂಡಿಕೆದಾರರು ಸಾವಿರ ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರ ಕೇಳಿ ಅಂತರರಾಷ್ಟ್ರೀಯ ಪಂಚಾಯ್ತಿಗೆ ಹೋಗಿದ್ದಾರೆ.

ಮಿನರ್ವಾದ ಒಡೆತನವಾದರೂ ಇತ್ಯರ್ಥವಾಯಿತೇ ಎಂದರೆ, ಇಲ್ಲ. 1972ರ ಸಭೆಯಲ್ಲಿ ಜೊತೆಗಿದ್ದ ಫಿಜಿ ಈಗ ಟೋಂಗಾದ ಹಕ್ಕನ್ನು ಒಪ್ಪುವುದಿಲ್ಲ. ದಿಬ್ಬಗಳು ದ್ವೀಪಗಳಲ್ಲ, ಅವು ತನ್ನ ಆರ್ಥಿಕ ವಲಯದ ಸಮುದ್ರದೊಳಗಿವೆ ಎಂದು ವಾದಿಸುತ್ತ 2005ರಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರಕ್ಕೆ ದೂರು ಕೊಟ್ಟಿತು. 2011ರಲ್ಲಿ ಫಿಜಿಯ ನೌಕೆಗಳು ಅಲ್ಲಿ ಟೋಂಗಾ ನಿಲ್ಲಿಸಿದ್ದ ದಾರಿದೀಪಗಳನ್ನು ನಾಶಮಾಡಿದವು, ಟೋಂಗಾದ ನೌಕೆಗಳು ಎದುರಾಗಿ ಹೊರಟವು. 2014ರಲ್ಲಿ ಟೋಂಗಾದ ಭೂಸಚಿವರು ಮಿನರ್ವಾವನ್ನು ಫಿಜಿಗೆ ಬಿಟ್ಟುಕೊಟ್ಟು ಬದಲಿಗೆ, ಟೋಂಗಾದೊಡನೆ ಹಳೆಯ ರಕ್ತಸಂಬಂಧವಿರುವ ಫಿಜಿಯ ಲಾವ್ ದ್ವೀಪಗಳನ್ನು ಪಡೆಯಬಹುದೆಂಬ ಸಲಹೆಯನ್ನು ಮುಂದಿಟ್ಟರು. ಜನವಸತಿಯಿರುವ ಲಾವ್ ದ್ವೀಪಸಮೂಹವನ್ನು ಭರತಕ್ಕೆ ಮುಳುಗುವ ಎರಡು ದಿಬ್ಬಗಳಿಗೆ ಬಿಟ್ಟುಕೊಡಲು ಫಿಜಿ ಮುಂದಾಗಲಿಲ್ಲ.